ಹಿತ್ತಾಳೆಯ ಎಂಜಿನಿಗೆ ದೀಪ ಹಚ್ಚುವ ವಿದ್ಯೆ

ಕಗ್ಗತ್ತಲೆಯ ಇರುಳಿನಲ್ಲಿ ಹಳಿಯ ಮೇಲೆ ಆಳಿನ ಗಾತ್ರದ ಕಪ್ಪು ವಸ್ತುವೊಂದು ಇದ್ದಲ್ಲಿ, ಸಾಮಾನ್ಯ ದೃಷ್ಟಿಯುಳ್ಳವನಿಗೆ ಅದು 800 ಅಡಿಗಳ ದೂರದಿಂದಲೇ ಗೋಚರವಾಗುವಷ್ಟು ಬೆಳಕನ್ನು ಎಂಜಿನಿನ ಹೆಡ್‌ಲೈಟು ಚೆಲ್ಲತಕ್ಕದ್ದೆಂದು ಅಮೆರಿಕ ಸಂಯುಕ್ತ ಸಂಸ್ಥಾನದ ಅಂತರರಾಜ್ಯ ವಾಣಿಜ್ಯ ಆಯೋಗವು ಕಳೆದ ಶತಮಾನದ ಪೂರ್ವಾರ್ಧದಲ್ಲಿ ಕಟ್ಟಳೆ ಮಾಡಿತು. ಆ ಕಟ್ಟಳೆಯನ್ನು, ವಾಸ್ತವದ 87 ಅಡಿಯನ್ನು 1 ಅಡಿಯಾಗಿ ಸಂಕೋಚಿಸುವ, ಎಚ್‌ಒ ಎಂದು ಹೆಸರಾದ ಮಾದರಿ ರೈಲಿನ ಪ್ರಪಂಚಕ್ಕೆ ಇಳಿಸಿ ನೋಡಿದರೆ, 800 ಅಡಿಯೆಂಬುದು 2.8 ಮೀಟರಾಗುತ್ತದೆ, ಮನೆಯೊಂದರ ಸಾಧಾರಣ ಕೊಠಡಿಯ ಅಗಲವೆಂದರೆ ಸರಿ. ಆ ಕಾಲದ ಎಂಜಿನುಗಳಲ್ಲಿ ರೂಢಿಯಲ್ಲಿದ್ದ 14 ಅಂಗುಲ ವ್ಯಾಸದ ಪ್ರತಿಫಲಕವು 4 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ಈ 4 ಮಿಲಿಮೀಟರಿನ ಲೋಹದ ಬಟ್ಟಲೊಳಗೆ ನಿಜವಾಗಿ ಉರಿಯುವ ದೀಪವನ್ನು ಇಡುವುದು ಹೇಗೆಂಬುದು, ಹೊರಗಿನವರಿಗೆ ಬಾಲಿಶವೆನಿಸಬಹುದಾದರೂ, ಅರ್ಧಶತಮಾನಕ್ಕೂ ಮಿಕ್ಕಿ ಹಲವು ದೇಶಗಳ ಕುಶಲಹಸ್ತರನ್ನು ಕಾಡಿದ ಪ್ರಶ್ನೆ. ಅದಕ್ಕೆ ಅವರು ಕಂಡುಕೊಂಡ ಉತ್ತರಗಳಲ್ಲಿ ಲೋಹಶಿಲ್ಪ, ವಿದ್ಯುಚ್ಛಾಸ್ತ್ರ, ದೃಗ್ವಿಜ್ಞಾನ ಮೂರೂ ಹೆಣೆದುಕೊಂಡಿವೆ. ಅಷ್ಟೆಲ್ಲ ಮಾಡಿದ ಮೇಲೆ ಆ ದೀಪ ಎಷ್ಟು ಉರಿಯಬೇಕೆಂಬುದು ಇನ್ನೂ ಕಠಿನವಾದ ಪ್ರಶ್ನೆ.

ದೀಪವಿಡಲು ಹೊರಟವನು ವಿದ್ಯುತ್ತಿಗಿಂತ ಮೊದಲು ಚರಿತ್ರೆಯನ್ನು ಅರಿತಿರಬೇಕು. 1830ರ ದಶಕದಲ್ಲಿ ದಕ್ಷಿಣ ಕೆರೊಲಿನದಲ್ಲಿ ಹೊರೇಷಿಯೊ ಆಲೆನ್ ಎಂಬ ಎಂಜಿನಿಯರು ಎಂಜಿನಿನ ಮುಂದೆ ತೆರೆದ ಗಾಡಿಯನ್ನು ತಳ್ಳಿಸಿ, ಅದರ ಮೇಲೆ ಮರಳು ಹಾಸಿ, ಆ ಮರಳಿನ ಮೇಲೆ ರಾಳದಿಂದ ತುಂಬಿದ ಪೈನ್ ಮರದ ಗಂಟುಗಳನ್ನು ಉರಿಸಿ, ರಾತ್ರಿಯ ಸಂಚಾರಕ್ಕೆ ಮೊದಲ ಬೆಳಕನ್ನು ಒದಗಿಸಿದನೆಂದು ರೈಲ್ವೆಯ ಚರಿತ್ರಕಾರರು ಬರೆಯುತ್ತಾರೆ. ತರುವಾಯ ಬಂದವು ಎಣ್ಣೆಯ ದೀಪಗಳು, ಸೀಮೆಎಣ್ಣೆಯ ದೀಪಗಳು. ಚಿಮಣಿಯ ಮುಂದೆ ಪೆಟ್ಟಿಗೆಯಂತೆ ಎದ್ದು ನಿಂತ, ಚಿತ್ರವಿಚಿತ್ರವಾಗಿ ಬಣ್ಣ ಬಳಿಸಿಕೊಂಡ ಆ ದೀಪಗೂಡುಗಳು ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಎಂಜಿನಿಗೆ ಒಂದು ಮುಖಮುದ್ರೆಯನ್ನೇ ಕೊಟ್ಟವು. ಬಾಯ್ಲರಿನ ಉಗಿಯಿಂದಲೇ ಪುಟ್ಟ ಟರ್ಬೈನೊಂದನ್ನು ತಿರುಗಿಸಿ 32 ವೋಲ್ಟಿನ ವಿದ್ಯುತ್ತನ್ನು ಉತ್ಪಾದಿಸುವ ಯಂತ್ರಗಳನ್ನು ಷಿಕಾಗೋ ನಗರದ ಪೈಲ್ ನ್ಯಾಷನಲ್ ಮುಂತಾದ ಕಂಪನಿಗಳು ಬಳಕೆಗೆ ತಂದ ಮೇಲೆ ಪೆಟ್ಟಿಗೆ ಕರಗಿ ಡೋಲಿನಾಕಾರದ ಚಿಕ್ಕ ದೀಪ ಉಳಿಯಿತು. ಆ ದೀಪಕ್ಕೂ ಒಂದೇ ಸ್ಥಾನವಿರಲಿಲ್ಲ. ಒಂದು ಕಂಪನಿ ಅದನ್ನು ಬಾಯ್ಲರಿನ ಮುಂತುದಿಯ ಹೊಗೆಪೆಟ್ಟಿಗೆಯ ನೆತ್ತಿಗೆ ಏರಿಸಿತು, ಇನ್ನೊಂದು ಅದರ ಬಾಗಿಲಿನ ನಟ್ಟನಡುವೆ ಇಟ್ಟಿತು. ಚೆಸಪೀಕ್ ಅಂಡ್ ಒಹಾಯೊ ಕಂಪನಿಯವರು ಹೊಗೆಪೆಟ್ಟಿಗೆಯ ಮುಂಭಾಗವನ್ನು ಗಾಳಿಯ ಪಂಪುಗಳಿಗೆ ಬಿಟ್ಟುಕೊಟ್ಟು, ದೀಪವನ್ನು ಕೆಳಗೆ ಮುಂದೊಲೆಯ ಮೇಲೆ ಕೂರಿಸಿದರು. ಸದರ್ನ್ ಪೆಸಿಫಿಕ್ಕಿನ ಜಿಎಸ್-4 ವರ್ಗದ ಸುಂದರ ಎಂಜಿನುಗಳಲ್ಲಿಯಾದರೋ ಒಂದರ ಮೇಲೊಂದು ಎರಡು ದೀಪ. ಒಂದು ಸ್ಥಿರ, ಇನ್ನೊಂದು ಎದುರಿನವರ ಗಮನ ಸೆಳೆಯಲು ಅತ್ತಿತ್ತ ತೂಗಾಡುವ ಮಾರ್ಸ್ ದೀಪ. ಹೀಗಿರುವಾಗ, ಸೀಮೆಎಣ್ಣೆಯ ಯುಗದ ಎಂಜಿನಿಗೆ ಕಣ್ಣು ಕೋರೈಸುವ ಬಿಳಿಯ ಬೆಳಕು ಕೊಟ್ಟವನು ಎಷ್ಟೇ ನಾಜೂಕಾಗಿ ಕೆಲಸ ಮಾಡಿದ್ದರೂ ಸುಳ್ಳು ಹೇಳಿದಂತೆಯೇ.

ಇನ್ನು ಹಿತ್ತಾಳೆಯ ವಿಷಯ. ಎರಡನೆಯ ಮಹಾಯುದ್ಧ ಮುಗಿದು ಜಪಾನಿನಲ್ಲಿ ಅಮೆರಿಕದ ಸೈನ್ಯ ಬೀಡುಬಿಟ್ಟಿದ್ದ ಕಾಲದಲ್ಲಿ, ಟೋಕಿಯೊದ ಗಿಂಜಾ ಬೀದಿಯ ತೆನ್‌ಶೋದೊ ಎಂಬ ಹಳೆಯ ಅಂಗಡಿಯಲ್ಲಿ ಮಾರಾಟಕ್ಕಿದ್ದ ಕೈಕೆಲಸದ ಪುಟ್ಟ ರೈಲುಗಳು ಆ ಸೈನಿಕರ ಕಣ್ಣಿಗೆ ಬಿದ್ದವು. ಡಾಲರಿಗೆ 360 ಯೆನ್ ಎಂಬ ವಿನಿಮಯದ ದರ 1949ರಿಂದ 1971ರವರೆಗೆ ಕದಲದೆ ನಿಂತಿದ್ದುದರಿಂದ, ಜಪಾನಿನ ಕುಶಲಕರ್ಮಿಯ ಬೆವರು ಅಮೆರಿಕದ ಹವ್ಯಾಸಿಗೆ ಅಗ್ಗವಾಗಿ ದೊರಕಿತು. ವಾಷಿಂಗ್ಟನ್ ಸಂಸ್ಥಾನದ ಎಡ್‌ಮಂಡ್ಸ್ ಎಂಬ ಊರಿನ ಪೆಸಿಫಿಕ್ ಫಾಸ್ಟ್ ಮೇಲ್ ಮೊದಲಾದ ಆಮದುದಾರರು ಅಮೆರಿಕದ ಒಂದೊಂದು ರೈಲು ಕಂಪನಿಯ ಒಂದೊಂದು ವರ್ಗದ ಎಂಜಿನಿನ ಪ್ರತಿಕೃತಿಯನ್ನು ಅಲ್ಪ ಸಂಖ್ಯೆಯಲ್ಲಿ ಮಾಡಿಸಿ ತರಿಸಿದರು. ಯೆನ್ ದುಬಾರಿಯಾದ ಮೇಲೆ ಈ ಉದ್ಯಮ ಮೆಲ್ಲನೆ ಕೊರಿಯಕ್ಕೆ ಸರಿಯಿತು. ತೆಳುವಾದ ಹಿತ್ತಾಳೆಯ ಹಾಳೆಯನ್ನು ಕತ್ತರಿಸಿ, ಬಾಗಿಸಿ, ಬೆಸೆದು ಕಟ್ಟಿದ ಈ ಮಾದರಿಗಳು ಬಹುಮಟ್ಟಿಗೆ ಬಣ್ಣವಿಲ್ಲದೆ, ಮೇಲೆ ಬರಿಯ ಅರಗಿನ ಲೇಪದೊಡನೆ ಬರುತ್ತಿದ್ದವು. ಕೈಪಿಡಿಯ ಸರಳು, ಗಂಟೆ, ಕವಾಟ, ಕೊಳವೆ, ಎಲ್ಲವೂ ಅವುಗಳಲ್ಲಿ ಉಂಟು; ದೀಪದ ಆಕಾರವೂ ಉಂಟು; ದೀಪ ಮಾತ್ರ ಇಲ್ಲ. ದೀಪದ ಬಾಯಿಯಲ್ಲಿ ತೆಳುವಾದ ಒಂದು ತಗ್ಗು, ಹೆಚ್ಚೆಂದರೆ ಅದರಲ್ಲೊಂದು ಗಾಜಿನ ಹರಳು.

ಆ ದೀಪದ ಬಿಡಿಭಾಗವೇ ಒಂದು ಚಿಕ್ಕ ಶಿಲ್ಪ. ಮೊದಮೊದಲು ಕಡೆದೋ ಒತ್ತಿಯೋ ಮಾಡುತ್ತಿದ್ದ ಇಂಥ ಭಾಗಗಳನ್ನು ಬರಬರುತ್ತ ಮೇಣದೆರಕದಿಂದ ತಯಾರಿಸತೊಡಗಿದರು. ಮೇಣದಲ್ಲಿ ರೂಪ ತಿದ್ದಿ, ಅದರ ಮೇಲೆ ಲೇಪ ಕಟ್ಟಿ, ಕಾಯಿಸಿ ಮೇಣವನ್ನು ಬಸಿದು, ಉಳಿದ ಪೊಳ್ಳಿನೊಳಕ್ಕೆ ಕರಗಿದ ಲೋಹವನ್ನು ಹೊಯ್ಯುವ ಈ ಕ್ರಮ ನಮಗೆ ಅಪರಿಚಿತವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಿಗ್ರಹಗಳನ್ನು ಎರಕಹೊಯ್ಯುವ ಬಗೆಯನ್ನು ವಿವರಿಸಿರುವುದು ಇದೇ ರೀತಿಯಲ್ಲಿ. ದೇವತಾಮೂರ್ತಿಗಾಗಿ ಬಳಸಿದ ವಿದ್ಯೆ 4 ಮಿಲಿಮೀಟರಿನ ರೈಲುದೀಪಕ್ಕೂ ಒದಗಿತೆಂದರೆ ಸೋಮೇಶ್ವರನು ಅಸಮಾಧಾನಪಡುತ್ತಿರಲಿಲ್ಲವೆಂದು ತೋರುತ್ತದೆ. ವಿನೋದಗಳ ಮೇಲೆಯೇ ಅಧ್ಯಾಯಗಳನ್ನು ಬರೆದ ಅರಸನಲ್ಲವೆ ಅವನು!

ಹಿತ್ತಾಳೆಯ ಗುಣವೇ ಇಲ್ಲಿಯ ಎಲ್ಲ ತೊಡಕುಗಳಿಗೂ ಮೂಲ. ಪ್ಲಾಸ್ಟಿಕ್ಕಿನ ಎಂಜಿನಿನಲ್ಲಿ ತಂತಿ ಎಲ್ಲಿ ತಗುಲಿದರೂ ಚಿಂತೆಯಿಲ್ಲ. ಹಿತ್ತಾಳೆಯ ಎಂಜಿನಿನ ಸರ್ವಾಂಗವೂ ವಿದ್ಯುದ್ವಾಹಕ. ಅಷ್ಟೇ ಅಲ್ಲ, ಆ ಮೈಯಲ್ಲಿ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಹೇಗೆಂದರೆ, ಮಾದರಿ ರೈಲಿನ ಎರಡು ಹಳಿಗಳಲ್ಲಿ ಒಂದು ಧನ, ಇನ್ನೊಂದು ಋಣ. ಎಂಜಿನಿನ ಒಂದು ಪಾರ್ಶ್ವದ ಗಾಲಿಗಳು ಲೋಹದ ಚೌಕಟ್ಟಿಗೆ ನೇರವಾಗಿ ತಗುಲಿಕೊಂಡಿದ್ದು, ಇನ್ನೊಂದು ಪಾರ್ಶ್ವದ ಗಾಲಿಗಳು ಅವಾಹಕವೊಂದರಿಂದ ಬೇರ್ಪಟ್ಟಿರುತ್ತವೆ. ಕಲ್ಲಿದ್ದಲು ನೀರುಗಳನ್ನು ಹೊತ್ತು ಹಿಂದೆ ಬರುವ ಟೆಂಡರಿನಲ್ಲಿ ಈ ಏರ್ಪಾಡು ಅದಲುಬದಲು. ಹೀಗಾಗಿ ಒಂದು ಹಳಿಯ ವಿದ್ಯುತ್ತು ಎಂಜಿನಿನ ಮೈಗೂ ಇನ್ನೊಂದರದು ಟೆಂಡರಿನ ಮೈಗೂ ಏರಿ, ಟೆಂಡರಿನಿಂದ ನಡುವಣ ಕೊಂಡಿಯ ಮೂಲಕ ಮೋಟಾರಿನ ಬ್ರಷ್ಷನ್ನು ಸೇರುತ್ತದೆ. ಎಂಜಿನೂ ಟೆಂಡರೂ ತಿರುವಿನಲ್ಲಿ ಒಂದಕ್ಕೊಂದು ಒರಸಿದರೆ ಶಾರ್ಟ್ ಸರ್ಕ್ಯೂಟು. ಈ ವ್ಯವಸ್ಥೆಯಿಂದ ದೀಪ ಹಾಕುವವನಿಗೆ ಒಂದು ಅನುಕೂಲ, ಒಂದು ಅಪಾಯ: ದೀಪದ ಒಂದು ತುದಿಯನ್ನು ಮೈಗೇ ಬೆಸೆದು ಇನ್ನೊಂದಕ್ಕೆ ಮಾತ್ರ ತಂತಿಯನ್ನು ಎಳೆದರೆ ಸಾಕು, ಆದರೆ ಆ ಒಂಟಿ ತಂತಿಯ ಹೊದಿಕೆ ಎಲ್ಲಿ ಒಂದು ಕೂದಲಿನಷ್ಟು ಕೆರೆದು ಹೋದರೂ ಕೆಲಸ ಕೆಟ್ಟಿತು.

ಆರಂಭದ ಹವ್ಯಾಸಿಗಳ ಕೈಗೆ ಸಿಕ್ಕಿದ್ದು ಗೋಧಿಕಾಳಿನ ಬಲ್ಬೆಂದು ಅವರು ಕರೆಯುತ್ತಿದ್ದ, 12 ವೋಲ್ಟಿನ, ಸುಮಾರು 3 ಮಿಲಿಮೀಟರ್ ದಪ್ಪದ ಬಲ್ಬು. ದೀಪದ ಹೊರಗಿನ ಅಳತೆಯೇ 4 ಮಿಲಿಮೀಟರಾಗಿರುವಾಗ ಅದರೊಳಗೆ ಇದನ್ನು ತುರುಕುವುದೆಂದರೆ ಗೋಡೆಯನ್ನು ಕಾಗದದಷ್ಟು ತೆಳುವಾಗಿಸಬೇಕು. ಅಕ್ಕಿಕಾಳಿನ ಬಲ್ಬು, ಆಮೇಲೆ 1.2 ಮಿಲಿಮೀಟರಿನ, ಒಂದೂವರೆ ವೋಲ್ಟಿನ ಸೂಕ್ಷ್ಮ ಬಲ್ಬು ಬಂದ ಮೇಲೆ ಸ್ಥಳದ ತೊಂದರೆ ಪರಿಹಾರವಾಯಿತು. ಆದರೆ ಮೂಲಭೂತವಾದ ಇನ್ನೊಂದು ಅಸಂಬದ್ಧತೆ ಉಳಿದೇ ಇತ್ತು. ಹಳಿಯ ವೋಲ್ಟೇಜನ್ನು 0ಯಿಂದ 12ರವರೆಗೆ ಏರಿಸಿ ಇಳಿಸಿ ರೈಲಿನ ವೇಗವನ್ನು ಆಳುವ ಹಳೆಯ ಡಿಸಿ ಪದ್ಧತಿಯಲ್ಲಿ ದೀಪವೂ ಅದೇ ವೋಲ್ಟೇಜಿಗೆ ಅಧೀನ. ಆದುದರಿಂದ ಗಾಡಿ ಓಡಿದಾಗ ದೀಪ ಉಜ್ಜ್ವಲ, ನಿಧಾನಿಸಿದಾಗ ಕೆಂಡದಂತೆ ಮಂದ, ನಿಲ್ದಾಣದಲ್ಲಿ ನಿಂತಾಗ ಪೂರ್ಣ ಕತ್ತಲೆ. ನಿಜದ ಎಂಜಿನಿನಲ್ಲಿ ಟರ್ಬೈನು ಗಾಲಿಗಳಿಗೆ ಕಟ್ಟುಬಿದ್ದಿಲ್ಲವಾಗಿ, ನಿಂತ ಎಂಜಿನಿನ ದೀಪವೂ ಓಡುವ ಎಂಜಿನಿನ ದೀಪದಂತೆಯೇ ಉರಿಯುತ್ತದೆ.

ಈ ಅಸಂಬದ್ಧತೆಯನ್ನು ಕೆಲವೇ ಕಾಸಿನ ಡಯೋಡುಗಳಿಂದ ನಿವಾರಿಸಿದ ಉಪಾಯ, ನನ್ನ ಅಭಿಪ್ರಾಯದಲ್ಲಿ, ಈ ಹವ್ಯಾಸದ ಚರಿತ್ರೆಯಲ್ಲಿಯೇ ಅತ್ಯಂತ ಸೊಗಸಾದದ್ದು. ಸಿಲಿಕಾನ್ ಡಯೋಡಿನ ಮೂಲಕ ಎಷ್ಟೇ ಪ್ರವಾಹ ಹರಿದರೂ ಅದರ ಎರಡು ತುದಿಗಳ ನಡುವಣ ವೋಲ್ಟೇಜು ಹೆಚ್ಚುಕಡಮೆ 0.7ರಲ್ಲಿಯೇ ನಿಲ್ಲುತ್ತದೆ. ಎರಡು ಡಯೋಡುಗಳನ್ನು ಸಾಲಾಗಿ ಜೋಡಿಸಿ, ಮೋಟಾರಿಗೆ ಹೋಗುವ ಪ್ರವಾಹವೆಲ್ಲವೂ ಅವುಗಳನ್ನು ದಾಟಿಯೇ ಹೋಗಬೇಕೆಂದು ಮಾಡಿದರೆ, ಆ ಜೋಡಿಯ ಮೇಲೆ ಸದಾ 1.4 ವೋಲ್ಟ್ ದೊರೆಯುತ್ತದೆ. ಅಷ್ಟು, ಒಂದೂವರೆ ವೋಲ್ಟಿನ ಸೂಕ್ಷ್ಮ ಬಲ್ಬಿಗೆ ಧಾರಾಳ. ಗಾಡಿ ಹಿಂದಕ್ಕೂ ಚಲಿಸಬೇಕಾದ್ದರಿಂದ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಇನ್ನೊಂದು ದಾರಿ ಬೇಕು. ಅಂಗಡಿಯಲ್ಲಿ ಸಿಗುವ ಬ್ರಿಡ್ಜ್ ರೆಕ್ಟಿಫೈಯರಿನ ಧನ, ಋಣ ಕಾಲುಗಳೆರಡನ್ನೂ ಒಂದಕ್ಕೊಂದು ಬೆಸೆದುಬಿಟ್ಟು, ಉಳಿದ ಎರಡು ಕಾಲುಗಳನ್ನು ಮೋಟಾರಿನ ದಾರಿಯಲ್ಲಿ ಸೇರಿಸಿದರೆ ಈ ನಾಲ್ಕೂ ಡಯೋಡುಗಳ ಕೆಲಸ ಒಂದೇ ಚೂರಿನಲ್ಲಿ ಮುಗಿಯುತ್ತದೆ. ತಯಾರಿಸಿದವನು ಯಾವ ಉದ್ದೇಶಕ್ಕೆಂದು ಮಾಡಿದನೋ ಅದಕ್ಕೆ ತೀರ ಹೊರತಾದ ಬಳಕೆ ಇದು. ನಿಯಂತ್ರಕದ ಗುಂಡಿಯನ್ನು ತುಸುವೇ ತಿರುಗಿಸಿದರೆ ಎಂಜಿನು ಇನ್ನೂ ಕದಲದಿರುವಾಗಲೇ ದೀಪ ಹೊತ್ತಿಕೊಳ್ಳುತ್ತದೆ, ಅನಂತರ ವೇಗ ಎಷ್ಟೇ ಆಗಲಿ ಅದರ ಪ್ರಭೆ ಬದಲಾಗುವುದಿಲ್ಲ. ಹಳೆಯ ಹಿತ್ತಾಳೆ ಎಂಜಿನುಗಳ ತೆರೆದ ಚೌಕಟ್ಟಿನ ಮೋಟಾರುಗಳು ತಡೆಯುಂಟಾಗಿ ನಿಂತಾಗ 1 ಆಂಪಿಯರಿಗೂ ಮಿಗಿಲಾದ ಪ್ರವಾಹವನ್ನು ಎಳೆಯುವುದರಿಂದ, ಅದನ್ನು ತಾಳುವ ಡಯೋಡುಗಳನ್ನು ಆರಿಸಿಕೊಳ್ಳಬೇಕೆಂಬುದೊಂದೇ ಇಲ್ಲಿಯ ಎಚ್ಚರಿಕೆ.

ವಿದ್ಯುತ್ತಿನ ಲೆಕ್ಕ ಸುಲಭ. ಕೈಯ ಕೆಲಸ ಕಷ್ಟ. ಗಟ್ಟಿಯಾದ ಎರಕದ ದೀಪಕ್ಕೆ ತೂತು ಕೊರೆಯಬೇಕು. ಹಿತ್ತಾಳೆಯ ಸ್ವಭಾವ ವಿಚಿತ್ರವಾದದ್ದು. ಉಕ್ಕನ್ನು ಸಲೀಸಾಗಿ ಕೊರೆಯುವ ಹರಿತವಾದ ಬೈರಿಗೆಯ ಮೊನೆಯನ್ನು ಅದು ತಟ್ಟನೆ ಹಿಡಿದು ಒಳಗೆಳೆದುಕೊಳ್ಳುತ್ತದೆ, ಆಗ ಒಂದು ಮಿಲಿಮೀಟರಿನ ಮೊನೆ ಪಟ್ಟೆಂದು ಮುರಿದು ಎರಕದೊಳಗೇ ಉಳಿಯುತ್ತದೆ. ಆದುದರಿಂದ ಬಲ್ಲವರು ಹೊಸ ಮೊನೆಯ ಎರಡು ಅಂಚುಗಳನ್ನೂ ಸಾಣೆಕಲ್ಲಿನ ಮೇಲೆ ಎರಡೆರಡು ಸಲ ಎಳೆದು, ಅವುಗಳ ಹರಿತವನ್ನು ಬೇಕೆಂದೇ ಒಂದಿಷ್ಟು ಮುರಿಯುತ್ತಾರೆ. ಕತ್ತರಿಸುವುದರ ಬದಲಾಗಿ ಹೆರೆಯುವ ಮೊನೆ ಹಿತ್ತಾಳೆಗೆ ಹಿತ. ಬಾಯಿಯ ನಡುವನ್ನು ಸೂಜಿಯಿಂದ ಗುರುತಿಸಿ, ಬೆರಳುಗಳ ನಡುವೆ ತಿರುಗಿಸುವ ಕೈಬೈರಿಗೆಯಿಂದ ಮೊದಲು ಕಿರಿದಾದ ದಾರಿಯನ್ನು ಮಾಡಿ, ಒಂದೊಂದೇ ಅಳತೆ ಏರಿಸುತ್ತ ಬಟ್ಟಲನ್ನು ಅಗಲಿಸಬೇಕು. ಹಿಂಗೋಡೆ ಅರ್ಧ ಮಿಲಿಮೀಟರ್ ಉಳಿದಿರುವಾಗ ನಿಲ್ಲಬೇಕು. ಅಲ್ಲಿಂದ ತಂತಿ ಹೊರಬೀಳಲು ತಳದಲ್ಲಿ, ದೀಪ ಕೂತಿರುವ ಹಲಗೆಯ ಮರೆಯಲ್ಲಿ, ಅರ್ಧ ಮಿಲಿಮೀಟರಿನ ಇನ್ನೊಂದು ರಂಧ್ರ. ಕೊರೆದಾದ ಮೇಲೆ ದೊಡ್ಡ ಮೊನೆಯೊಂದನ್ನು ಬರಿಗೈಯಲ್ಲಿ ಹಿಡಿದು ರಂಧ್ರದ ಬಾಯಿಗೆ ಒಂದು ಸುತ್ತು ತಿರುವಿದರೆ ಅಂಚಿನ ಮುಳ್ಳು ಹೋಗುತ್ತದೆ. ಕಣ್ಣಿಗೆ ಕಾಣದ ಆ ಮುಳ್ಳೇ ತಂತಿಯ ಹೊದಿಕೆಯನ್ನು ಸೀಳುವ ಶತ್ರು.

ದೀಪವನ್ನು ಎಂಜಿನಿನಿಂದ ಬಿಡಿಸಿಕೊಂಡು ಕೊರೆಯುವುದೇ, ಇದ್ದಲ್ಲಿಯೇ ಕೊರೆಯುವುದೇ ಎಂಬ ವಿಷಯದಲ್ಲಿ ಪಂಥಗಳುಂಟು. ಬಿಡಿಸಬೇಕಾದರೆ ಬೆಸುಗೆಯನ್ನು ಕರಗಿಸಬೇಕು; ಹಿತ್ತಾಳೆ ಶಾಖವನ್ನು ಕ್ಷಣಾರ್ಧದಲ್ಲಿ ಹರಡುವ ಲೋಹವಾದ್ದರಿಂದ, ದೀಪ ಸಡಿಲವಾಗುವಷ್ಟರಲ್ಲಿ ಪಕ್ಕದ ಕೈಪಿಡಿಯ ಸರಳೂ ಮೇಲಿನ ಗಂಟೆಯೂ ಕಳಚಿ ಮೇಜಿನ ಮೇಲೆ ಬಿದ್ದಿರುತ್ತವೆ. ನೆರೆಯ ಬೆಸುಗೆಗಳಿಗೆಲ್ಲ ಒದ್ದೆಯ ಕಾಗದವನ್ನು ಸುತ್ತಿ, ಕಾದ ಮೊನೆಯನ್ನು ಒಂದೇ ಕಡೆ ಅರೆಗಳಿಗೆ ಇಟ್ಟು ತೆಗೆಯುವವರೂ ಇದ್ದಾರೆ. ನಾನಾದರೆ ಇದ್ದಲ್ಲಿಯೇ ಕೊರೆಯುವ ಪಕ್ಷ. ಬಣ್ಣ ಬಳಿದ ಮಾದರಿಯಾಗಿದ್ದರಂತೂ ಬೇರೆ ಮಾತೇ ಇಲ್ಲ. ಇದರ ಮೇಲೆ ಸಂಗ್ರಾಹಕರ ಆಕ್ಷೇಪ ಬೇರೆ: ಪೆಟ್ಟಿಗೆಯಿಂದ ಹೊರತೆಗೆಯದೆ ಇಟ್ಟ ಮೂಲಸ್ಥಿತಿಯ ಎಂಜಿನಿಗೇ ಅವರಲ್ಲಿ ಹೆಚ್ಚಿನ ಬೆಲೆ, ಬೈರಿಗೆ ಲೋಹದೊಡನೆ ಬೆಲೆಯನ್ನೂ ಕೊರೆಯುತ್ತದೆ. ಓಡಲೆಂದು ಮಾಡಿದ ಎಂಜಿನನ್ನು ಓಡಿಸದೆ ಬೀರುವಿನಲ್ಲಿಡುವವರ ಆಕ್ಷೇಪಕ್ಕೆ ಎಷ್ಟು ಮರ್ಯಾದೆ ಕೊಡಬೇಕೆಂಬುದನ್ನು ಎಂಜಿನಿನ ಒಡೆಯನೇ ತೀರ್ಮಾನಿಸಿಕೊಳ್ಳಲಿ.

ದೀಪದಿಂದ ಹಿಂದಕ್ಕೆ ತಂತಿಯ ಯಾತ್ರೆ. ಹಲವು ಮಾದರಿಗಳಲ್ಲಿ ಹೊಗೆಪೆಟ್ಟಿಗೆಯ ಮುಚ್ಚಳ ಬರಿಯ ಬಿಗಿಯಿಂದ ಕೂತಿರುತ್ತದೆ. ಮೃದುವಾಗಿ ಒಳಗಿನಿಂದ ನೂಕಿದರೆ ಕೈಗೆ ಬರುತ್ತದೆ. ಕೂದಲೆಳೆಯಂಥ, ಎನಾಮಲ್ ಲೇಪದ, 0.1 ಮಿಲಿಮೀಟರಿನ ತಾಮ್ರದ ತಂತಿಯನ್ನು ಅಲ್ಲಿಂದ ಬಾಯ್ಲರಿನೊಳಕ್ಕೆ ಇಳಿಸಬೇಕು. ಬಾಯ್ಲರಿನೊಳಗೇನು ಬಯಲಿಲ್ಲ, ಹಳಿಯ ಮೇಲೆ ಎಂಜಿನಿಗೆ ಹಿಡಿತ ಬರಲೆಂದು ಅದರಲ್ಲಿ ಸೀಸದ ಗಟ್ಟಿಯನ್ನು ತುಂಬಿರುತ್ತಾರೆ. ಸೀಸದ ನೆತ್ತಿಯಲ್ಲಿ ಅರದಿಂದ ಒಂದು ಕಾಲುವೆಯನ್ನು ತೋಡಿ, ತಂತಿಯನ್ನು ಅದರಲ್ಲಿ ಮಲಗಿಸಿ, ಮೇಲೆ ಶಾಖಕ್ಕೆ ಹೆದರದ ಅವಾಹಕ ಪಟ್ಟಿಯನ್ನು ಅಂಟಿಸಿದರೆ ಮುಂದೆ ಹತ್ತಾರು ವರ್ಷ ಅದರ ಗೊಡವೆಯಿಲ್ಲ. ತಂತಿಗಳ ಬೆಸುಗೆಗೆ ಆಮ್ಲದ ಲೇಪವನ್ನು ಎಂದೂ ಬಳಸಬಾರದು. ಹಾಳೆಗೆ ಹಾಳೆ ಬೆಸೆಯುವಾಗ ಅದು ಉಪಕಾರಿ, ತಂತಿಯನ್ನಾದರೋ ಅದು ಒಳಗೊಳಗೇ ತಿಂದುಹಾಕುತ್ತದೆ. ರಾಳದ ಬೆಸುಗೆಯೇ ಇಲ್ಲಿ ಯೋಗ್ಯ.

ಇಷ್ಟು ಹೊತ್ತಿಗೆ ಬಲ್ಬಿನ ಕಾಲ ಮುಗಿಯುತ್ತ ಬಂದು ಎಲ್‌ಇಡಿಯ ಕಾಲ ಹುಟ್ಟಿತ್ತು. ಜಪಾನಿನ ಷಿಕೊಕು ದ್ವೀಪದ ನಿಚಿಯಾ ಕಂಪನಿಯಲ್ಲಿ ಷೂಜಿ ನಕಮುರ ಪ್ರಖರವಾದ ನೀಲಿ ಎಲ್‌ಇಡಿಯನ್ನು 1993ರಲ್ಲಿ ಹೊರತಂದನು. ನೀಲಿಯ ಮೇಲೆ ಹಳದಿ ರಂಜಕವನ್ನು ಲೇಪಿಸಿ ಬಿಳಿಯ ಬೆಳಕನ್ನು ಪಡೆಯುವ ಕ್ರಮ ಬೇಗನೆ ಹಿಂಬಾಲಿಸಿತು. ನೀಲಿ ಬೆಳಕಿನ ಸಾಧನೆಗಾಗಿ ಇಸಾಮು ಅಕಸಾಕಿ, ಹಿರೋಷಿ ಅಮಾನೊ, ನಕಮುರ ಈ ಮೂವರಿಗೂ 2014ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ದೀಪವಿಲ್ಲದ ಹಿತ್ತಾಳೆ ಎಂಜಿನುಗಳನ್ನು ಲೋಕಕ್ಕೆ ಕೊಟ್ಟ ದೇಶವೇ ಮೂರು ನಾಲ್ಕು ದಶಕಗಳ ತರುವಾಯ ಅವುಗಳಿಗೆ ತಕ್ಕ ದೀಪವನ್ನೂ ಕೊಟ್ಟಂತಾಯಿತು. ಇಂದು ಹವ್ಯಾಸಿಗಳು ಬಳಸುವ 0402 ಎಂಬ ಅಳತೆಯ ಎಲ್‌ಇಡಿ 1 ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲ. ರಾಗಿಯ ಕಾಳು ಇದರ ಮುಂದೆ ಸ್ಥೂಲಕಾಯ. ಚಿಮಟದಿಂದ ಒತ್ತಿ ಹಿಡಿದರೆ ಚಿಮ್ಮಿ ಹಾರಿ ಕಾಣೆಯಾಗುವ ಇದಕ್ಕೆ ತಂತಿ ಬೆಸೆಯಲು, ಎರಡು ಬದಿಗೂ ಅಂಟಿರುವ ಪಟ್ಟಿಯನ್ನು ಮರದ ತುಂಡಿನ ಮೇಲೆ ಹಚ್ಚಿ ಎಲ್‌ಇಡಿಯನ್ನು ಬೋರಲಾಗಿ ಅದರ ಮೇಲೆ ಕೂರಿಸುತ್ತಾರೆ. ತಂತಿಯ ತುದಿಯನ್ನು ಕಾದ ಬೆಸುಗೆಯ ಹನಿಯಲ್ಲಿ ಅದ್ದಿ ಎನಾಮಲನ್ನು ಸುಟ್ಟುಕೊಂಡು, ಭೂತಗನ್ನಡಿಯ ಕೆಳಗೆ ಎಲ್‌ಇಡಿಯ ಒಂದು ಕೊನೆಗೆ ತಾಗಿಸಿ, ಬೆಸುಗೆಯ ಮೊನೆಯನ್ನು ಒಂದು ಕ್ಷಣ ಮುಟ್ಟಿಸಿ ಎತ್ತುತ್ತಾರೆ. ಅದಕ್ಕಿಂತ ಹೆಚ್ಚು ಹೊತ್ತಾದರೆ ಎಲ್‌ಇಡಿ ಸತ್ತಿತು. ಬಲ್ಬಿಗಿಲ್ಲದ ಇನ್ನೊಂದು ನಿರ್ಬಂಧ ಇದಕ್ಕುಂಟು: ಧನ, ಋಣ ತಪ್ಪಿದರೆ ಬೆಳಗದು. ಎಂಜಿನಿನೊಳಗೆ ಅಂಟಿಸುವ ಮೊದಲು 9 ವೋಲ್ಟಿನ ಬ್ಯಾಟರಿಗೆ 1000 ಓಮಿನ ರೆಸಿಸ್ಟರನ್ನು ಸೇರಿಸಿ ಪರೀಕ್ಷಿಸುವುದು ವಿವೇಕ. 3 ವೋಲ್ಟನ್ನು ಎಲ್‌ಇಡಿ ತಾನು ತೆಗೆದುಕೊಂಡು ಉಳಿದ 6 ವೋಲ್ಟಿಗೆ ರೆಸಿಸ್ಟರಿನಲ್ಲಿ ಹರಿಯುವುದು 6 ಮಿಲಿಆಂಪಿಯರು, ಇಂಥ ಎಲ್‌ಇಡಿಗೆ ಅಪಾಯವಲ್ಲ.

ಬಿಳಿಯ ಎಲ್‌ಇಡಿಯ ಮೊದಲ ತಲೆಮಾರಿನ ಬೆಳಕು ಮಾತ್ರ ಟ್ಯೂಬ್‌ಲೈಟಿನ ನೀಲಿ ಛಾಯೆಯದು. ತಂತು ಕಾದು ಉರಿಯುವ 32 ವೋಲ್ಟಿನ ಬಲ್ಬಿನ ಹಳದಿಗೆ ಅದು ಎಳ್ಳಷ್ಟೂ ಹೊಂದದು. ಉಗಿಯ ಎಂಜಿನಿಗೆ ಅಂಥ ದೀಪ ಹಾಕಿದ್ದನ್ನು ಕಂಡರೆ ನನಗೆ ಈಗಲೂ ಕಿರಿಕಿರಿ. ಪಾರದರ್ಶಕವಾದ ಹಳದಿ ಅಥವಾ ಕಿತ್ತಳೆ ಬಣ್ಣದ ತೆಳುಲೇಪದಿಂದ ಅದನ್ನು ತಿದ್ದುವ ರೂಢಿ ಹುಟ್ಟಿತು. ಈಗ ಬೆಚ್ಚನೆಯ ಬಿಳುಪಿನ ಎಲ್‌ಇಡಿಗಳೇ ದೊರೆಯುತ್ತವೆ. ಎಲ್‌ಇಡಿಯ ಬೆನ್ನಿಗೆ ಕಪ್ಪು ಬಣ್ಣ, ಬಟ್ಟಲಿನ ಒಳಮೈಗೆ ಬೆಳ್ಳಿಯ ಬಣ್ಣ, ಬಾಯಿಗೆ ಗಾಜಿನಂತೆ ಒಣಗುವ ಅಂಟಿನ ಒಂದು ಹನಿ, ಇಷ್ಟಾದರೆ ದೀಪ ಸಿದ್ಧ. ದೀಪದ ಬಟ್ಟಲಿನಲ್ಲಿ ಯಾವುದಕ್ಕೂ ಎಡೆಯಿಲ್ಲದಷ್ಟು ಚಿಕ್ಕ ಮಾದರಿಗಳಲ್ಲಿ ಬಾಯ್ಲರಿನೊಳಗೆ ಎಲ್‌ಇಡಿಯನ್ನು ಅಡಗಿಸಿ, ಅಲ್ಲಿಂದ ಪ್ಲಾಸ್ಟಿಕ್ಕಿನ ದೃಕ್‌ತಂತುವಿನಲ್ಲಿ ಬೆಳಕನ್ನು ಮಾತ್ರ ಹೊರತರುವ ಮಾರ್ಗವೂ ಒಂದುಂಟು. ತಂತುವಿನ ತುದಿಯನ್ನು ಕಾದ ಕಬ್ಬಿಣದ ಹತ್ತಿರ ಹಿಡಿದರೆ ಅದು ತಾನಾಗಿ ಉಬ್ಬಿ ಮಸೂರದ ರೂಪ ತಳೆಯುತ್ತದೆ, ಮತ್ತು ವಿದ್ಯುತ್ತಿನ ಭಯವೇ ಇಲ್ಲ. ಹೊಗೆಪೆಟ್ಟಿಗೆಯ ಇಕ್ಕೆಲಗಳಲ್ಲಿ ಮೇಲೆ ಕೂತಿರುವ ಸಂಜ್ಞಾದೀಪಗಳಿಗೆ ಇದೇ ಸರಿಯಾದ ಉಪಾಯ. ಅವು ಹಸುರಾಗಿ ಉರಿದರೆ ಅದೇ ವೇಳಾಪಟ್ಟಿಯ ಇನ್ನೊಂದು ಗಾಡಿ ಹಿಂದೆಯೇ ಬರುತ್ತಿದೆಯೆಂದೂ, ಬಿಳಿಯಾದರೆ ಇದು ವೇಳಾಪಟ್ಟಿಯಲ್ಲಿಲ್ಲದ ಹೆಚ್ಚುವರಿ ಗಾಡಿಯೆಂದೂ ಅಮೆರಿಕದ ರೈಲುಗಳಲ್ಲಿ ಆಗ ಅರ್ಥವಿತ್ತು.

ಅಂಕೀಯ ನಿಯಂತ್ರಣ, ಎಂದರೆ ಡಿಸಿಸಿ, ಬಂದ ಮೇಲೆ ಹಳೆಯ ಲೆಕ್ಕವೆಲ್ಲ ತಲೆಕೆಳಗಾಯಿತು. ಜರ್ಮನಿಯ ಲೆನ್ಜ್ ಸಂಸ್ಥೆ ರೂಪಿಸಿ, ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘವು 1990ರ ದಶಕದಲ್ಲಿ ಮಾನಕವೆಂದು ಅಂಗೀಕರಿಸಿದ ಈ ಪದ್ಧತಿಯಲ್ಲಿ ಹಳಿಯ ಮೇಲೆ ಸದಾ ಪೂರ್ಣ ವೋಲ್ಟೇಜು ಇರುತ್ತದೆ. ಓಡು, ನಿಲ್ಲು, ದೀಪ ಹಚ್ಚು ಎಂಬ ಆಜ್ಞೆಗಳು ಆ ವಿದ್ಯುತ್ತಿನ ಸ್ಪಂದನಗಳಲ್ಲಿಯೇ ಅಡಕವಾಗಿ ಹರಿಯುತ್ತವೆ. ಎಂಜಿನಿನೊಳಗಿನ ಡಿಕೋಡರು ತನಗೆ ಸಂಬಂಧಿಸಿದ್ದನ್ನು ಓದಿಕೊಂಡು ನಡೆಸುತ್ತದೆ. ಅದರ ತಂತಿಗಳ ಬಣ್ಣಕ್ಕೂ ನಿಯಮವುಂಟು: ಕೆಂಪು, ಕಪ್ಪು ಹಳಿಗಳಿಂದ, ಕಿತ್ತಳೆ, ಬೂದು ಮೋಟಾರಿಗೆ, ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ, ದೀಪಗಳೆಲ್ಲಕ್ಕೂ ಸಮಾನವಾದ ಧನ ತಂತಿ ನೀಲಿ. ಇಲ್ಲಿ ಮತ್ತೆ ಹಿತ್ತಾಳೆಯ ಹಳೆಯ ಗುಣ ಅಡ್ಡಬರುತ್ತದೆ. ಹಳೆಯ ಮೋಟಾರಿನ ಒಂದು ಬ್ರಷ್ಷು ಚೌಕಟ್ಟಿಗೆ, ಚೌಕಟ್ಟಿನ ಮೂಲಕ ಹಳಿಗೆ, ನೇರವಾಗಿ ಸೇರಿದ್ದು, ಅದನ್ನು ಹಾಗೆಯೇ ಬಿಟ್ಟು ಡಿಕೋಡರನ್ನು ಜೋಡಿಸಿದರೆ ಡಿಕೋಡರು ಸುಟ್ಟುಹೋಗುತ್ತದೆ. ಬ್ರಷ್ಷನ್ನು ಅವಾಹಕದ ಬಿಲ್ಲೆಯಿಂದಲೂ, ಮೋಟಾರನ್ನು ನೈಲಾನ್ ಸ್ಕ್ರೂಗಳಿಂದಲೂ ಮೈಯಿಂದ ಪೂರ್ತಿ ಬೇರ್ಪಡಿಸಿಕೊಳ್ಳಬೇಕು. ದೀಪದ ಒಂದು ತುದಿಯನ್ನು ಹಿಂದಿನಂತೆ ಮೈಗೇ ಸೇರಿಸಿ, ನೀಲಿ ತಂತಿಯನ್ನು ಉಪಯೋಗಿಸದೆ ಬಿಟ್ಟರೆ ಬಲ್ಬು ಉರಿಯುವುದೇನೋ ನಿಜ. ಆದರೆ ಆ ಹಳಿ ಧನವಾಗಿರುವ ಅರ್ಧ ಕಾಲ ಮಾತ್ರ ಅದಕ್ಕೆ ಪ್ರವಾಹ ದೊರೆತು, ಬೆಳಕು ಅರೆಯಾಗುತ್ತದೆ. ಎರಡು ತಂತಿಗಳನ್ನೂ ಎಳೆಯುವುದು ಕ್ರಮ. ಡಿಕೋಡರಿಗೆ ಜಾಗವಿರುವುದು ಟೆಂಡರಿನಲ್ಲಿಯಾದ್ದರಿಂದ, ಎಂಜಿನಿಗೂ ಟೆಂಡರಿಗೂ ನಡುವೆ ಮೃದುವಾದ ತಂತಿಗಳ ಗೊಂಚಲೊಂದು ತೂಗಾಡುವುದು ಅನಿವಾರ್ಯ. ಅದನ್ನು ನೀರಿನ ಕೊಳವೆಯೆಂದು ತೋರುವಂತೆ ಮರೆಸುವುದು ಕೈಯ ಚಳಕ.

ಕಡೆಗೆ ಉಳಿಯುವುದು ಪ್ರಮಾಣದ ಪ್ರಶ್ನೆ. ಲೋಹವನ್ನು 87ರಲ್ಲೊಂದು ಪಾಲಿಗೆ ಇಳಿಸುವುದು ಅರದ ಕೆಲಸ. ಬೆಳಕನ್ನು ಹಾಗೆ ಇಳಿಸಲು ಬರುವುದಿಲ್ಲ, ಏಕೆಂದರೆ ನೋಡುವ ಕಣ್ಣು ಪೂರ್ಣ ಅಳತೆಯದು. 20 ಮಿಲಿಆಂಪಿಯರ್ ತಾಳಬಲ್ಲ ಎಲ್‌ಇಡಿಗೆ ಅಷ್ಟನ್ನೂ ಉಣಿಸಿದವನ ಎಂಜಿನು ಎದುರು ಗೋಡೆಯ ಮೇಲೆ ಬೆಳಕಿನ ಚಕ್ರವನ್ನು ಎಸೆಯುತ್ತ, ಬಟ್ಟಲಿನ ಸಂದುಸಂದುಗಳಿಂದ ಪ್ರಭೆಯನ್ನು ಸೋರಿಸುತ್ತ, ತನ್ನ ಕೈಪಿಡಿ, ಕೊಳವೆ, ಅಂಕಿಯ ಹಲಗೆಗಳ ಸೂಕ್ಷ್ಮವೆಲ್ಲವನ್ನೂ ತಾನೇ ನುಂಗಿಬಿಡುತ್ತದೆ. ಹಳಿಯ ಸುಮಾರು 14 ವೋಲ್ಟಿಗೆ 1000 ಓಮಿನ ರೆಸಿಸ್ಟರ್ ಹಾಕಿದರೆ ಹರಿಯುವುದು 11 ಮಿಲಿಆಂಪಿಯರು. ಅದನ್ನು 10,000 ಓಮಿಗೆ ಏರಿಸಿದರೆ ಪ್ರವಾಹ 1.1ಕ್ಕೆ ಇಳಿಯುತ್ತದೆ, ಆದರೂ ಬೆಳಕು ಹತ್ತರಲ್ಲೊಂದಾಯಿತೆಂದು ಕಣ್ಣಿಗೆ ಅನಿಸುವುದಿಲ್ಲ. ಮಂದವಾಗುವುದನ್ನು ಕಣ್ಣು ನಿಧಾನವಾಗಿ ಒಪ್ಪಿಕೊಳ್ಳುತ್ತದೆ. ಕೊಠಡಿಯ ದೀಪವನ್ನು ಉರಿಸಿಟ್ಟು ಎಂಜಿನನ್ನು ಒಂದು ಮೊಳ ದೂರದಲ್ಲಿ ನಿಲ್ಲಿಸಿ, ಹೆಡ್‌ಲೈಟು ಉರಿಯುತ್ತಿದೆಯೆಂದು ತಿಳಿಯಬೇಕು, ಆದರೆ ಅದರ ಸುತ್ತಲಿನ ಅಂಚು ಇನ್ನೂ ಸ್ಪಷ್ಟವಾಗಿ ಕಾಣುತ್ತಿರಬೇಕು. ಅಲ್ಲಿಗೆ ರೆಸಿಸ್ಟರನ್ನು ನಿಲ್ಲಿಸುವುದು ಒಳ್ಳೆಯ ಪದ್ಧತಿ. 2.8 ಮೀಟರಿನಾಚೆ ಬೆಳಕು ಬೀಳಬೇಕೆಂದು ನಮ್ಮ ಮೇಲೆ ಯಾವ ಆಯೋಗದ ಕಟ್ಟಳೆಯೂ ಇಲ್ಲ.

ಇನ್ನೊಂದು ಕಟ್ಟಳೆಯುಂಟು, ಅದನ್ನು ಪಾಲಿಸುವುದು ಸುಲಭ. ಒಂಟಿ ಹಳಿಯ ದಾರಿಯಲ್ಲಿ ಎದುರು ಗಾಡಿಗೆ ಎಡೆಗೊಡಲು ಪಕ್ಕದ ಹಳಿಗೆ ಸರಿದು, ಮುಖ್ಯ ಹಳಿಯನ್ನು ಪೂರ್ಣವಾಗಿ ಬಿಟ್ಟುಕೊಟ್ಟು ನಿಂತ ಗಾಡಿಯ ಹೆಡ್‌ಲೈಟನ್ನು ಆರಿಸಬೇಕು ಅಥವಾ ಮರೆಸಬೇಕೆಂದು ಅಮೆರಿಕದ ಹಳೆಯ ಸಂಚಾರ ನಿಯಮಾವಳಿಯ 17ನೆಯ ನಿಯಮ ವಿಧಿಸುತ್ತಿತ್ತು. ಬರುತ್ತಿರುವ ಚಾಲಕನಿಗೆ ದಾರಿ ತೆರವಾಗಿದೆಯೆಂಬ ಸಂಕೇತ ಅದು. ಡಿಕೋಡರುಗಳನ್ನು ಮಾಡುವವರಲ್ಲಿ ಕೆಲವರು ದೀಪವನ್ನು ತಗ್ಗಿಸುವ ಏರ್ಪಾಡೊಂದನ್ನು ಅದೇ 17ನೆಯ ನಿಯಮವೆಂಬ ಹೆಸರಿನಿಂದಲೇ ಸೇರಿಸಿರುತ್ತಾರೆ. ನಿಯಂತ್ರಕದ ಗುಂಡಿಯೊಂದಕ್ಕೆ ಅದನ್ನು ಹೊಂದಿಸಿಕೊಂಡರೆ, ಪಕ್ಕದ ಹಳಿಯಲ್ಲಿ ಕಾದು ನಿಂತ ಹಿತ್ತಾಳೆಯ ಎಂಜಿನೂ ಎದುರು ಗಾಡಿಗೆ ದಾರಿಯ ಸನ್ನೆ ಕೊಡಬಹುದು. ತಂತಿ ಎಳೆದ ದಿನವೇ ಈ ಹೊಂದಾಣಿಕೆಯನ್ನೂ ಮುಗಿಸಿ, ಆಮೇಲೆ ಹೊಗೆಪೆಟ್ಟಿಗೆಯ ಮುಚ್ಚಳವನ್ನು ಹಾಕುವುದು ಒಳ್ಳೆಯದು.